ಹೆರೆಮಣೆಯಾದ ಯುದ್ಧವಿಮಾನ

ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲಾಟಿನಲ್ಲಿ ಬೆಳಗ್ಗೆ ಕಾಯಿ ಹೆರೆಯುವ ಹೊತ್ತಿಗೆ ಹಸಿ ತೆಂಗಿನ ವಾಸನೆಯ ಜೊತೆಗೆ ಸಣ್ಣಗೆ ವಾರ್ನಿಷಿನ ವಾಸನೆಯೂ ಏಳುತ್ತದೆ. ಎಷ್ಟು ತಿಕ್ಕಿದರೂ ಹೋಗಿಲ್ಲ. ಅದು ಮೂಗಿಗೆ ಬಡಿದಾಗಲೆಲ್ಲ ತಿರುವನಂತಪುರದ ಕೆಲವು ದೊಡ್ಡ ಮನುಷ್ಯರು ನೆನಪಾಗಿ ನನಗೆ ಮೈ ಉರಿಯುತ್ತದೆ.

ಹೇಳಿದರೆ ನೀವು ನಂಬಲಿಕ್ಕಿಲ್ಲ, ಕಾಯಿ ತುರಿಯುವ ನಮ್ಮ ಹೆರೆಮಣೆ ಒಂದು ಯುದ್ಧವಿಮಾನ. ಪೂರ್ತಿ ಅಲ್ಲ, ಅದರ ಮೂತಿಯ ಒಂದು ತುಂಡು. ಬ್ರಿಟಿಷರು ಜೆಟ್ ವಿಮಾನ ಕಟ್ಟತೊಡಗಿದ ಹೊಸತರಲ್ಲಿ ವ್ಯಾಂಪೈರ್ ಎಂಬುದೊಂದನ್ನು ಮಾಡಿದರು. ಹೆಸರು ರಕ್ತ ಹೀರುವ ಪಿಶಾಚಿಯದು. ಪೈಲಟ್ ಕೂರುವ ಜಾಗ ಮಾತ್ರ ಪ್ಲೈವುಡ್ಡಿನದು! ಲೋಕವನ್ನೇ ಆಳಿದೆವು ಎಂದು ಮೆರೆದವರ ಭರ್ಜರಿ ಜೆಟ್ಟು, ಮುಟ್ಟಿ ನೋಡಿದರೆ ಕಪಾಟಿನ ಬಾಗಿಲು.

ಅವು ನಮ್ಮ ವಾಯುಪಡೆಯಲ್ಲೂ ಹಾರಿದವು. ಕಾಸರಗೋಡಿನಿಂದ ಹೋಗಿ ಅಲ್ಲಿ ಮೆಕ್ಯಾನಿಕ್ ಆಗಿದ್ದವರು ನಮ್ಮ ದೊಡ್ಡಪ್ಪ. ವಿಮಾನಗಳಿಗೆ ವಯಸ್ಸಾಗಿ ಮುರಿದು ಹಾಕಿದಾಗ ಮರದ ಭಾಗವೆಲ್ಲ ಸೌದೆಗೆ ಹೋಯಿತಂತೆ. ದೊಡ್ಡಪ್ಪ ಒಂದು ತುಂಡು ಕೇಳಿ ಪಡೆದು, ಕಾಲು ಬಡಿದು, ತುದಿಗೆ ಕಬ್ಬಿಣದ ಹಲ್ಲು ಕೂರಿಸಿದರು. ಅವರು ಕೆಲಸಕ್ಕಿದ್ದ ಉತ್ತರ ಭಾರತದ ಊರಿನಲ್ಲಿ ತೆಂಗಿನಕಾಯಿ ಸಿಗುವುದೇ ಕಷ್ಟ, ಇನ್ನು ಹೆರೆಮಣೆ ಎಲ್ಲಿಂದ ಬರಬೇಕು? ಹೊಸದಾಗಿ ಮದುವೆಯಾಗಿ ಹೋದ ದೊಡ್ಡಮ್ಮ ಅದರ ಮೇಲೆ ಕೂತವರು ಮತ್ತೆ ಏಳಲೇ ಇಲ್ಲ ಎನ್ನಬೇಕು.

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಹೆರೆಮಣೆ ಸಮೇತ ತಿರುವನಂತಪುರದ ಕಳಕ್ಕೂಟಂನಲ್ಲಿದ್ದ ಮಗ ರಘುವಿನ ಫ್ಲಾಟಿಗೆ ಬಂದರು. ರಘು ವಿಜ್ಞಾನಿ. ಅಡುಗೆಗೆ ಬೇರೆ ಹೆಂಗಸಿದ್ದಳು. ಮೊಮ್ಮಗಳು ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಟ್ಟು ಟಿ.ವಿ.ಯತ್ತ ತಿರುಗುವಳು. ಬೆಳಗ್ಗೆ ಕಾಯಿ ಹೆರೆಯುವುದೊಂದೇ ಆ ಮನೆಯಲ್ಲಿ ದೊಡ್ಡಮ್ಮನಿಗೆಂದು ಉಳಿದಿದ್ದ ಕೆಲಸ. ಅದೂ ಇಲ್ಲದಿದ್ದರೆ ಅವರು ಸೋಫಾದ ಮೇಲಿನ ಇನ್ನೊಂದು ದಿಂಬು, ಅಷ್ಟೆ.

ರಘುವಿನ ಗೆಳೆಯರದೊಂದು ಕ್ಲಬ್ಬು ಇತ್ತು. ವಿಮಾನಗಳ ‘ಪರಂಪರೆ’ ಉಳಿಸುವುದು ಅದರ ಉದ್ದೇಶ. ತಮ್ಮ ಅಜ್ಜನ ಹೆಸರು ಕೇಳಿದರೆ ತಡವರಿಸುವ ಈ ಮಹನೀಯರಿಗೆ ಬ್ರಿಟಿಷ್ ವಿಮಾನದ ವಂಶಾವಳಿ ಬಾಯಿಪಾಠ! ಅಧ್ಯಕ್ಷರು ಮೈಸೂರು ಕಡೆಯ ನಿವೃತ್ತ ಅಧಿಕಾರಿ. ತಿರುವನಂತಪುರದ ಸೆಖೆಯಲ್ಲೂ ಕೋಟು ಬಿಚ್ಚದವರು. ರಘು ಜಂಬ ಕೊಚ್ಚಿದ್ದೇ ತಡ, ಹೆರೆಮಣೆ ಪ್ರದರ್ಶನಕ್ಕೆ ಹೊರಟಿತು.

“ಯಾವಾಗ ವಾಪಸು ತರ್ತಿ?” ಎಂದು ದೊಡ್ಡಮ್ಮ ಕೇಳಿದ್ದಕ್ಕೆ, “ನಾಳಿದ್ದು ಬರ್ತದಮ್ಮ” ಎಂದನಂತೆ ರಘು. ಆ ನಾಳಿದ್ದು ಬರಲೇ ಇಲ್ಲ. ಮನೆಯಲ್ಲಿ ಪ್ಯಾಕೆಟ್ ತೆಂಗಿನ ತುರಿ ಶುರುವಾಯಿತು. ಕೋರ್ಟು ಕೆಲಸಕ್ಕೆಂದು ಕೊಚ್ಚಿಯಿಂದ ಹೋಗಿದ್ದ ನನ್ನ ಕೈಹಿಡಿದು ದೊಡ್ಡಮ್ಮ, “ನನ್ನನ್ನೊಮ್ಮೆ ಅಲ್ಲಿಗೆ ಕರ್ಕೊಂಡು ಹೋಗು ಮಾರಾಯ್ತಿ” ಎಂದರು. ಆಟೋ ಹಿಡಿದೆವು.

ಹೆರೆಮಣೆ ಕೆಂಪು ಮಕಮಲ್ಲಿನ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ ಮದುಮಗನ ಹಾಗೆ ಮಿಂಚುತ್ತಿತ್ತು. ಮೈತುಂಬ ವಾರ್ನಿಷು. ಪಕ್ಕದ ಚೀಟಿಯಲ್ಲಿ ವಿಮಾನ ಕಟ್ಟಿದ ಇಂಗ್ಲಿಷರ ಗುಣಗಾನ. ದೊಡ್ಡಪ್ಪನ ಹೆಸರಿಲ್ಲ, ತೆಂಗಿನಕಾಯಿಯ ಸುದ್ದಿಯೂ ಇಲ್ಲ.

“ಇದರ ಹಲ್ಲು ಎಲ್ಲಿ?” ಎಂದರು ದೊಡ್ಡಮ್ಮ.

ಕೋಟಿನವರು ಮಗುವಿಗೆ ತಿಳಿಹೇಳುವವರಂತೆ ನಕ್ಕರು. “ಅದು ಒರಿಜಿನಲ್ ಅಲ್ಲ ಕಣಮ್ಮ, ಆಮೇಲೆ ಯಾರೋ ಸೇರ್ಸಿರೋದು. ಅದಕ್ಕೇ ತೆಗೆಸಿ ಬಿಸಾಕ್ಸಿದ್ವಿ.”

“ಯಾರೋ ಅಲ್ಲ, ನನ್ನ ಗಂಡ!” ಎಂದರು ದೊಡ್ಡಮ್ಮ. “ನಿಮ್ಮ ಪೈಲಟ್ಟು ಇದರಲ್ಲಿ ಎಷ್ಟು ವರ್ಷ ಕೂತಿದ್ದಾನೆ? ನಾನು ಕೂತದ್ದು ಎಷ್ಟು, ಗೊತ್ತುಂಟಾ ನಿಮಗೆ?”

ಎಲ್ಲರೂ ನೋಡುತ್ತಿದ್ದಂತೆ ಗಾಜಿನ ಪೆಟ್ಟಿಗೆ ಎತ್ತಿ ಬದಿಗಿಟ್ಟರು. ಹೆರೆಮಣೆಯನ್ನು ನೆಲಕ್ಕಿಳಿಸಿ, ಸೆರಗು ಸಿಕ್ಕಿಸಿ, ಅದರ ಮೇಲೆ ಕೂತೇಬಿಟ್ಟರು. ‘ಮುಟ್ಟಬಾರದು’ ಎಂಬ ಬೋರ್ಡು ಅವರ ತಲೆಯ ಮೇಲೆಯೇ ನೇತಾಡುತ್ತಿತ್ತು. ಕೋಟಿನವರು “ಹೆರಿಟೇಜು, ಹೆರಿಟೇಜು” ಎಂದು ಹಲುಬುತ್ತಿದ್ದರು. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ನಾನು ಅಲ್ಲಿ ಮಾಡಿದ ಘನಕಾರ್ಯವೆಂದರೆ ದೊಡ್ಡಮ್ಮನ ಚಪ್ಪಲಿ ಹಿಡಿದು ನಿಂತದ್ದು.

ಹೆರೆಮಣೆ ಅಂದೇ ಮನೆಗೆ ಬಂತು. ಆದರೆ ಹಲ್ಲಿಲ್ಲದ ಮಣೆಯಿಂದ ಏನಾಗಬೇಕು? ರಘುವಿನ ಹೆಂಡತಿ, “ಈಗ ಪ್ಯಾಕೆಟ್ಟೇ ಸುಲಭ ಅತ್ತೆ, ನೀವು ಆರಾಮ ಕೂತ್ಕೊಳ್ಳಿ” ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ದೊಡ್ಡಮ್ಮನ ಮುಖ ನೋಡಲಾಗಲಿಲ್ಲ. “ನಾಲ್ಕು ದಿನ ಕೊಚ್ಚಿಗೆ ಬನ್ನಿ ದೊಡ್ಡಮ್ಮ, ನಾನು ಹೆರೆದರೆ ಕಾಯಿಗಿಂತ ಬೆರಳೇ ಜಾಸ್ತಿ ಬೀಳ್ತದೆ” ಎಂದೆ. ಮಣೆ ಎತ್ತಿಕೊಂಡು ಹೊರಟೇಬಿಟ್ಟರು. ಇಲ್ಲಿ ಹೊಸ ಹಲ್ಲು ಹಾಕಿಸಿದೆವು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಇವತ್ತು ಬೆಳಗ್ಗೆ ರಘುವಿನ ಫೋನು. ಕ್ಲಬ್ಬಿನವರು ಮತ್ತೆ ಪ್ರದರ್ಶನ ಇಟ್ಟಿದ್ದಾರೆ, ಹೆರೆಮಣೆ ಬೇಕಂತೆ. ಈ ಸಲ ದೊಡ್ಡಪ್ಪನ ಹೆಸರನ್ನೂ ಹಾಕುತ್ತಾರಂತೆ. ಏನು ಕೃಪೆ! ಬೈಯಲು ಬಾಯಿ ತೆರೆದವಳು ಅಡುಗೆಮನೆಯತ್ತ ನೋಡಿದೆ. ದೊಡ್ಡಮ್ಮ ಮಣೆಯ ಮೇಲೆ ಕೂತು ಕಾಯಿಯ ಕಡಿ ತಿರುಗಿಸುತ್ತಲೇ, ತಲೆ ಎತ್ತದೆ ಹೇಳಿದರು:

“ವಿಮಾನ ಖಾಲಿ ಇಲ್ಲ ಅಂತ ಹೇಳು.”