ಮನೆಗೊಂದು ಕೈ

ಅನ್ನೂರಿನ ಟೌನ್ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಮೈಕು ಕೈಕೊಡಬಹುದಿತ್ತು. ಮನೆಮಾತು ಕನ್ನಡವಾದರೂ ಓದಿದ್ದೆಲ್ಲ ತಮಿಳಿನಲ್ಲಾದ್ದರಿಂದ, ಕನ್ನಡ ಭಾಷಣವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡಿದ್ದ ನನಗೆ ನನ್ನ ಬರಹವೇ ಓದಲು ಬಾರದೆ ಹೋಗಬಹುದಿತ್ತು. ಎಲ್ಲರೆದುರು ಪಂಚೆ ಜಾರಬಹುದಿತ್ತು. ಇಷ್ಟನ್ನೂ ಮುಂಚಿತವಾಗಿ ಅನುಭವಿಸಿಯೇ ಹೊರಟಿದ್ದೆ.

ಎಂಬತ್ತರ ದಶಕದ ಮಾತು. ನಾನು ಪಟ್ಟಣದಲ್ಲಿ, ಆರ್.ಎಸ್. ಪುರಂನ ಶಾಲೆಯೊಂದರಲ್ಲಿ ಚರಿತ್ರೆಯ ಮೇಷ್ಟ್ರು. ಅನ್ನೂರಿನ ನಮ್ಮ ನೇಕಾರರ ಬೀದಿಯಲ್ಲಿ ಅಂದು ಬೀದಿಯ ಹೊಸ ಯಜಮಾನನ ಆಯ್ಕೆ, ಮನೆಗೊಬ್ಬರಂತೆ ಕೈ ಎತ್ತಿ. ಅದಕ್ಕೆ ಮೊದಲು, ಆಳ್ವಿಕೆಯ ಹೆಸರುಗಳು ಎಲ್ಲಿಂದ ಬಂದವು ಎಂದು ನಾನು ನಾಲ್ಕು ಮಾತು ಹೇಳಬೇಕಿತ್ತು. ಆ ಬೀದಿಯಲ್ಲೇ ಇದ್ದ ನನ್ನ ಅಕ್ಕನದು ಒಂದೇ ಆಸೆ: ಈ ಸಲ ತನ್ನ ಕೈಯೂ ಲೆಕ್ಕಕ್ಕೆ ಬರಬೇಕು. ಭಾವ ತೀರಿಹೋದಮೇಲೆ ಮೈದುನನಿಂದ ಅವಳ ಒಲೆ ಬೇರೆ, ಮಗ್ಗ ಬೇರೆ.

ಭಾಷಣ ಸುಸೂತ್ರವಾಯಿತು. ಗ್ರೀಕರ ‘ಮೊನೊಸ್’ ಎಂದರೆ ಒಬ್ಬ, ಅದರಿಂದ ಮೊನಾರ್ಕಿ. ‘ಒಲಿಗೊಸ್’ ಎಂದರೆ ಕೆಲವರು, ಅದರಿಂದ ಒಲಿಗಾರ್ಕಿ. ‘ಡೆಮೊಸ್’ ಎಂದರೆ ಜನ, ಅದರಿಂದ ಡೆಮಾಕ್ರಸಿ. ನಮ್ಮ ‘ಪ್ರಜೆ’ಗೆ ಮೊದಲಿದ್ದ ಅರ್ಥ ಸಂತಾನ, ಅರಸ ಅಪ್ಪ, ಊರೆಲ್ಲ ಮಕ್ಕಳು. ಗಣರಾಜ್ಯಕ್ಕೆ ತಮಿಳಿನಲ್ಲಿ ‘ಕುಡಿಯರಸು’. ಕುಡಿ ಎಂದರೆ ಮನೆ, ಒಕ್ಕಲು.

ಹಳೆಯ ಯಜಮಾನರು ನನ್ನ ಕಡೆ ಕೈ ತೋರಿಸಿ ಆ ಮಾತನ್ನೇ ಹಿಡಿದುಕೊಂಡರು. “ವಾದ್ಯಾರೇ ಹೇಳ್ಬಿಟ್ರು. ಕುಡಿ ಅಂದ್ರೆ ಮನೆ. ನಮ್ಮಲ್ಲೂ ಮನೆಗೊಂದೇ ಕೈ. ಎಲ್ಲಾ ಸರಿಯಾಗೇ ಇದೆ.”

ಕಣದಲ್ಲಿದ್ದವರು ಅವರ ಮಗ ಮತ್ತು ಇನ್ನೊಬ್ಬ. ಆ ಇನ್ನೊಬ್ಬನ ಸರದಿ ಬಂದಾಗ ಹೆಂಗಸರ ಚಾಪೆಯಿಂದ ಅಕ್ಕ ಕೈ ಎತ್ತಿದಳು.

“ನಿನ್ ಮನೆ ನಿನ್ ಮೈದುನನ ಕೈಯಲ್ಲೇ ಸೇರೋಯ್ತು, ಅಮ್ಮಣಿ. ಕೈ ಇಳಿಸು,” ಎಂದರು ಯಜಮಾನರು.

“ನೋಂಬಿ ಹಬ್ಬಕ್ಕೆ ಮನೆಗೊಂದು ಪಡಿ ಅಕ್ಕಿ ಅಂತ ಬಂದ್ರಲ್ಲ, ಮಾಮಾ. ಮೈದುನನ್ನ ಕೇಳಿ ಅಂತ ನಾನಂದ್ನಾ? ಅಳೆದು ಕೊಟ್ಟೆ. ಅಕ್ಕಿಗೆ ನಂದು ಮನೆ, ಕೈಗೆ ಮಾತ್ರ ಅಲ್ವಾ?”

ನಾನು ಎದ್ದೆ. ದನಿ ಹೇಗೋ ಜೋರಾಗಿಯೇ ಬಂತು. ಒಲೆ ಉರಿಯುವ ಮನೆಯೆಲ್ಲ ಕುಡಿಯೇ, ಆ ಪದ ಗಂಡು ಹೆಣ್ಣು ನೋಡುವುದಿಲ್ಲ ಎಂದೆ. ಕಾಪಿ ಆರುತ್ತದೆ, ಕೂತುಕೊಳ್ಳಿ ಎಂದರು ಯಜಮಾನರು. ಇಂದಿಗೂ ಮೈ ಉರಿಯುತ್ತದೆ. ಪದದಲ್ಲಿ ತಮಗೆ ಬೇಕಾದಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು ನನ್ನ ಮುಖದ ಮೇಲೇ ಎಸೆದಿದ್ದರು. ನಡೆಸುತ್ತಿದ್ದದ್ದು ಒಲಿಗಾರ್ಕಿ, ಅದಕ್ಕೆ ಹಚ್ಚಿದ ಹೆಸರು ಕುಡಿಯರಸು, ಸಾಕ್ಷಿಗೆ ನಾನು.

ಒಂದು ಕೈಯಿಂದ ಏನಾಗುತ್ತಿತ್ತು, ಹೇಗೂ ಮಗನೇ ಗೆಲ್ಲುತ್ತಿದ್ದ, ಸಣ್ಣ ವಿಷಯ ಬಿಡಿ ಎಂದು ಆಮೇಲೆ ಎಲ್ಲರೂ ನನಗೆ ಸಮಾಧಾನ ಹೇಳಿದರು. ಸಣ್ಣದೇ ಇರಬಹುದು. ಅಂದು ಕೆಟ್ಟದ್ದು ಅದೊಂದೇ: ಕೈ ಎಣಿಸುವವನು ಗಂಡಸರ ಚಾಪೆ ಮುಗಿದಲ್ಲೇ ಹಿಂದಕ್ಕೆ ತಿರುಗಿಬಿಟ್ಟ. ಅಕ್ಕನ ಕೈ ಇನ್ನೂ ಮೇಲೇ ಇತ್ತು.