ಕುಜನನ್ನು ಬೈದ ಮೇಷ್ಟ್ರಮ್ಮ

ಪಂಚಾಂಗ ಕಂಡರೆ ಗಂಗಮ್ಮ ಮೇಷ್ಟ್ರಮ್ಮನ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಮಹಾರಾಜರ ಕಾಲದ ಮಧುಗಿರಿಯಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದಿದ್ದ ವಿಧವೆ ಆಕೆ. ಬಿಳಿ ಸೀರೆ, ತಲೆ ತುಂಬ ಸೆರಗು, ಮಾತು ಮಾತ್ರ ಹಸಿಮೆಣಸಿನಕಾಯಿ.

ಒಮ್ಮೆ ಮಧ್ಯಾಹ್ನ ನಮ್ಮನ್ನೆಲ್ಲ ಬೆಟ್ಟದ ಬುಡಕ್ಕೆ ಕರೆದೊಯ್ದು ಬರಿಗಾಲಲ್ಲಿ ಬಂಡೆಯ ಮೇಲೆ ನಿಲ್ಲಿಸಿದರು. ನಾವು ಕುಣಿಯತೊಡಗಿದೆವು. ಕೋಟಿಗಟ್ಟಲೆ ಮೈಲಿ ಆಚೆಯ ಸೂರ್ಯ ಇಷ್ಟು ಸುಟ್ಟರೆ, ಅವನ ಮಗ್ಗುಲಲ್ಲೇ ಇರುವ ಬುಧನ ಪಾಡೇನು ಎಂದು ಕೇಳಿದರು. ಆಮೇಲೆ ಶನಿಯ ಸರದಿ.

"ಅವ್ನಿಗೆ ಬಿಸ್ಲೇ ನೆಟ್ಟಗೆ ಸಿಗಾಕಿಲ್ಲ. ಚಳಿಗೆ ಮುದುರ್ಕೊಂಡು ಬಿದ್ದವ್ನೆ. ಅಂಥೋನು ನಿಮ್ಮಪ್ಪನ ಹೆಗ್ಲು ಏರ್ತಾನಂತಾ?"

ನಾವು ನಕ್ಕೆವು. ಮನೆಗೆ ಹೋಗಿ ಅದನ್ನೇ ಹೇಳಿ ಏಟು ತಿಂದೆವು.

ನನ್ನ ಅಕ್ಕ ಪುಟ್ಟಮ್ಮನಿಗೆ ಸಿರಾ ಕಡೆಯ ಗಂಡು ಗೊತ್ತಾಯಿತು. ನಮ್ಮ ಜೋಯಿಸರ ಕಣ್ಣಿಗೆ ದಕ್ಷಿಣೆ ತರದ ದೋಷ ಎಂದೂ ಬಿದ್ದದ್ದಿಲ್ಲ. ಕುಜದೋಷವಿದೆ, ಗಂಡ ಉಳಿಯುವುದಿಲ್ಲ, ಮೊದಲು ಬಾಳೆಗಿಡಕ್ಕೆ ಮದುವೆ ಮಾಡಿ ಗಿಡ ಕಡಿಯಿರಿ ಎಂದರು. ಅಕ್ಕ ಊಟ ಬಿಟ್ಟು ಮಲಗಿದಳು. ವಿಷಯ ತಿಳಿದ ಮೇಷ್ಟ್ರಮ್ಮ ಕರೆಯದೆಯೇ ನಮ್ಮ ಮನೆಗೆ ಬಂದು, ಜೋಯಿಸರು ಕೂತಿದ್ದ ಜಗಲಿಯ ಕೆಳಗೆ ನಿಂತರು.

"ಜೋಯಿಸ್ರೇ, ಕುಜಂಗೆ ಸ್ವಂತದ್ದು ಏನೈತೆ? ಬೆಳಕು ಸೂರ್ಯಂದು, ಬಿಸಿ ಸೂರ್ಯಂದು. ಸೂರ್ಯ ಎಳ್ದಂಗೆ ಸುತ್ತಬೇಕು, ತಪ್ಪಿಸ್ಕೊಂಡು ಹೋಗಂಗಿಲ್ಲ. ಅವ್ನು ಈ ಹುಡ್ಗಿ ಗಂಡನ್ನ ಕೊಲ್ತಾನಾ?"

ಜೋಯಿಸರು ನಕ್ಕು, ಮದುವೆ ಮಾತಾಡುವ ಕಡೆ ವಿಧವೆಗೇನು ಕೆಲಸ ಎಂದರು.

"ನನ್ನ ಜಾತಕ ಕೂಡ್ಸಿದ್ದೂ ನಿಮ್ಮಂಥೋರೇ. ಎಲ್ಲಾ ಗುಣಾನೂ ಕೂಡಿ ಬಂದಿತ್ತು. ವರ್ಷ ತುಂಬೋದ್ರೊಳ್ಗೆ ಪ್ಲೇಗು ಬಂತು."

ಅಪ್ಪ ಆ ಶಾಸ್ತ್ರ ಬೇಡವೆಂದರು. ಬಾಳೆಗಿಡ ಉಳಿಯಿತು, ದೋಷದ ಸುದ್ದಿ ಕೇಳಿದ ಸಿರಾದವರ ಸಂಬಂಧ ಉಳಿಯಲಿಲ್ಲ. ಊರವರು ಅರ್ಜಿ ಬರೆದು ಮೇಷ್ಟ್ರಮ್ಮನನ್ನು ಪಾವಗಡಕ್ಕೆ ವರ್ಗ ಮಾಡಿಸಿದರು. ಇದನ್ನಾದರೂ ಶನಿಯ ತಲೆಗೆ ಕಟ್ಟಬೇಡಿ ಎಂದು ಮೂದಲಿಸಿಯೇ ಆಕೆ ಹೊರಟರು.

ಕೆಲವು ವರ್ಷಗಳ ಮೇಲೆ ಕೊರಟಗೆರೆಯವರೊಬ್ಬರು ಜಾತಕ ಕೇಳದೆ ಅಕ್ಕನನ್ನು ಮದುವೆಯಾದರು. ಮಗುವಾದ ಮೇಲೆ ಅವರಿಬ್ಬರ ಜೊತೆ ನಾನೂ ಪಾವಗಡಕ್ಕೆ ಹೋದೆ. ಅದೇ ಕಡೆಯ ಭೇಟಿ. ಮೇಷ್ಟ್ರಮ್ಮ ಸೊರಗಿದ್ದರು. ಆದರೂ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುಜನಿಗೆ ಇನ್ನೂ ನಿಮ್ಮ ಮನೆ ಸಿಕ್ಕಿಲ್ಲವೇನೋ ಎಂದು ಅಣಕಿಸಿದರು.

ಭಾವ ಹೊರಗೆ ಹೋದಾಗ ಅಕ್ಕ ತಲೆ ತಗ್ಗಿಸಿದಳು. "ಅವ್ರು ಕೆಮ್ಮಿದ್ರೂ ನನ್ನೆದೆ ನಡುಗ್ತದೆ ಮೇಷ್ಟ್ರಮ್ಮ."

ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ಅಕ್ಕನ ಕೈ ಹಿಡಿದುಕೊಂಡರು.

"ನಂಗೂ ಅಂಗೇ ಕಣಮ್ಮ. ನಿನ್ ಮದ್ವೆ ಆದಾಗ್ನಿಂದ, ಮಧುಗಿರಿ ಬಸ್ಸು ಬಂದಾಗ್ಲೆಲ್ಲ ಏನ್ ಸುದ್ದಿ ತಂತೋ ಅಂತ ಕುಂತಿರ್ತೀನಿ."