ಬೆಂಕಿಗುಡ್ಡದ ದ್ವೀಪಕ್ಕೆ ಬೇಸಿಗೆ ರಜೆ

ಕಾರ್ಕಳದ ಗಂಡ ಹೆಂಡತಿ ನಮ್ಮ ಮನೆಗೆ ಬಂದದ್ದು 2004ರ ಫೆಬ್ರವರಿಯ ಒಂದು ಭಾನುವಾರ. ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಲೈಟ್‌ಹೌಸಿಗೆ ಹೋಗುವ ದಾರಿಯಲ್ಲಿ. ಅಪ್ಪನಿಗೆ ಪೇಟೆಯಲ್ಲಿ ಟೈಲರ್ ಅಂಗಡಿ. ನಾನು ಮಣಿಪಾಲದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ವಿಮಾನದ ಟಿಕೆಟ್ ಮಾಡುವ ಕೆಲಸದಲ್ಲಿದ್ದೆ. ಬಂದವರು ಹೆಣ್ಣಿನ ಕಡೆಯವರು. ಅವರು ಕೇಳಲು ಬಂದ ಗಂಡು ನನ್ನ ಅಣ್ಣ. ಅಣ್ಣ ತೀರಿಕೊಂಡು ಐದು ವರ್ಷ ದಾಟಿತ್ತು. ಅವರ ಮಗಳು ತೀರಿಕೊಂಡು ಹನ್ನೆರಡು.

ನಮ್ಮಲ್ಲಿ ಇದಕ್ಕೆ ಕುಲೆ ಮದುವೆ ಎನ್ನುತ್ತಾರೆ. ಕುಲೆ ಎಂದರೆ ಸತ್ತವರ ಜೀವ. ಮದುವೆಯಾಗದೆ ಹೋದವರು ಸತ್ತ ಮೇಲೂ ಬೆಳೆಯುತ್ತಾರೆ, ಪ್ರಾಯ ಬಂದಾಗ ಮದುವೆ ಕೇಳುತ್ತಾರೆ, ಮಾಡಿಸದಿದ್ದರೆ ಮನೆಯಲ್ಲಿ ಯಾವ ಶುಭಕಾರ್ಯವೂ ನೆಟ್ಟಗಾಗುವುದಿಲ್ಲ ಎಂದು ನಂಬಿಕೆ. ಆ ಹುಡುಗಿ ಹತ್ತು ವರ್ಷದವಳಿದ್ದಾಗ ಜ್ವರ ಬಂದು ಹೋಗಿದ್ದಳಂತೆ. ಈಗ ಅವಳ ತಂಗಿಗೆ ಬಂದ ಸಂಬಂಧಗಳೆಲ್ಲ ಮುರಿಯುತ್ತಿದ್ದವು.

"ನಿಮ್ಮ ಮಗ ಒಳ್ಳೆಯ ಹುಡುಗ ಎಂದು ಕೇಳಿದ್ದೇವೆ ಅಕ್ಕ. ಜಾತಕವೂ ಕೂಡಿಬಂದಿದೆ," ಎಂದರು ಆ ತಾಯಿ.

ಅಮ್ಮ ಅವರಿಗೆ ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು, ತಾನೂ ಎದುರಿಗೆ ಕುಳಿತಳು. ಆಮೇಲೆ ಬಹಳ ಮೆದುವಾಗಿ ಹೇಳಿದಳು: "ನೀವು ತಪ್ಪು ತಿಳಿಯಬೇಡಿ. ನನ್ನ ಮಗ ಸತ್ತದ್ದನ್ನು ನಾನು ನೋಡಲಿಲ್ಲ. ನೋಡದೆ ಅವನಿಗೆ ಕುಲೆ ಮದುವೆ ಹೇಗೆ ಮಾಡುವುದು?"

ಅಪ್ಪ ಎದ್ದು ಅಂಗಳಕ್ಕೆ ಹೋದರು.

ಅಣ್ಣ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಅಟ್ಲಾಂಟಿಕ್ ಸಮುದ್ರದಲ್ಲಿ, ಆಫ್ರಿಕಾದ ಪಕ್ಕ, ಬೆಂಕಿ ಉಗುಳಿದ ಗುಡ್ಡಗಳಿಂದಲೇ ಹುಟ್ಟಿದ ಕೆಲವು ದ್ವೀಪಗಳಿವೆ. ಅವುಗಳಲ್ಲಿ ಒಂದರ ಬಂದರಿಗೆ ಅವನ ಹಡಗು ಆಗಾಗ ಹೋಗುತ್ತಿತ್ತು. ಅಲ್ಲಿಂದ ಮೂರು ಪೋಸ್ಟ್‌ಕಾರ್ಡ್ ಬರೆದಿದ್ದ. "ಇಲ್ಲಿ ನಮ್ಮ ಹಾಗೆಯೇ ಬಾಳೆತೋಟ ಉಂಟು. ಆದರೆ ಕಡಲತೀರದ ಹೊಯ್ಗೆ ಇದ್ದಿಲಿನ ಹಾಗೆ ಕಪ್ಪು. ಕೆಳಗೆ ಸೆಕೆಯೂ ಇಲ್ಲ, ಚಳಿಯೂ ಇಲ್ಲ. ಗುಡ್ಡದ ಮೇಲೆ ಮಾತ್ರ ಬೇಸಿಗೆಯಲ್ಲೂ ಕೋಟು ಬೇಕು. ಅಮ್ಮನನ್ನು ಒಮ್ಮೆ ಕರೆದುಕೊಂಡು ಬರಬೇಕು." ತೊಂಬತ್ತೆಂಟರ ಮಳೆಗಾಲದಲ್ಲಿ ಹಡಗಿನಲ್ಲೇ ಅವನಿಗೆ ಹೊಟ್ಟೆನೋವು ಬಂತು. ದಡ ಮುಟ್ಟುವ ಹೊತ್ತಿಗೆ ಕೈಮೀರಿತ್ತು. ಮುಂಬೈಯ ಏಜೆಂಟ್ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ, ದೇಹ ತರಿಸಲು ತಿಂಗಳುಗಟ್ಟಲೆ ಆಗುತ್ತದೆ, ಅಲ್ಲೇ ಮಣ್ಣು ಮಾಡಬಹುದೋ ಎಂದು ಅಪ್ಪನನ್ನು ಕೇಳಿದ. ಫ್ಯಾಕ್ಸಿನಲ್ಲಿ ಬಂದ ಕಾಗದಕ್ಕೆ ಅಪ್ಪ ಸಹಿ ಹಾಕಿದರು. ಅಮ್ಮನಿಗೆ ತಿಳಿಸಿದ್ದು ಸಹಿ ಹಾಕಿದ ಮೇಲೆ.

ಅಂದಿನಿಂದ ಅಮ್ಮ ಅಪ್ಪನ ಹತ್ತಿರ ಆ ವಿಷಯ ಮಾತಾಡಿದ್ದೇ ಇಲ್ಲ. ಆದರೆ ಮುಸ್ಸಂಜೆ ದೀಪ ಹಚ್ಚುವಾಗ ಕೈ ತಡೆದು, ಬಾವಿಕಟ್ಟೆಯ ಕಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. "ಕಾಲು ತೊಳೆಯುವ ಶಬ್ದ ಆಯಿತಲ್ಲ?" ಎಂದು ನನ್ನನ್ನು ಕೇಳುತ್ತಿದ್ದಳು. ಮೊದಮೊದಲು ನಾನು ಹೋಗಿ ನೋಡಿ ಬರುತ್ತಿದ್ದೆ. ಕೆಲವು ಸಲ ಅಲ್ಲಿನ ಕಲ್ಲು ನಿಜವಾಗಿ ಒದ್ದೆಯಾಗಿರುತ್ತಿತ್ತು. ಯಾರೋ ನೀರು ಸೇದಿರಬೇಕು ಎಂದುಕೊಂಡು ಒಳಗೆ ಬರುತ್ತಿದ್ದೆ, ಅಮ್ಮನಿಗೆ ಹೇಳುತ್ತಿರಲಿಲ್ಲ.

ಕಾರ್ಕಳದವರು ಬಂದು ಹೋದ ಮರುದಿನ ಅಮ್ಮ ನನ್ನ ಬುತ್ತಿ ಕಟ್ಟುತ್ತಾ ಕೇಳಿದಳು: "ನಿನ್ನ ಆಫೀಸಿನಲ್ಲಿ ಟಿಕೆಟ್ ಕಡಿಮೆಗೆ ಸಿಗುತ್ತದಲ್ಲ? ಮೇ ತಿಂಗಳಲ್ಲಿ ರಜೆ ಹಾಕು. ನಾವಿಬ್ಬರು ಆ ದ್ವೀಪಕ್ಕೆ ಹೋಗಿ ಬರುವ."

"ಅಲ್ಲಿ ಹೋಗಿ ಎಂತ ಮಾಡುವುದಮ್ಮ?"

"ನೋಡುವುದು. ಎಲ್ಲರೂ ರಜೆಯಲ್ಲಿ ಊರು ನೋಡಲಿಕ್ಕೆ ಹೋಗುವುದಿಲ್ವಾ?"

ಹೀಗೆ ನಮ್ಮ ಬೇಸಿಗೆ ರಜೆಯ ತಯಾರಿ ಶುರುವಾಯಿತು. ಮಸ್ಕತ್ತಿನ ಚಿಕ್ಕಮ್ಮ ಕರೆದಾಗ ಮಾಡಿಸಿದ ಪಾಸ್‌ಪೋರ್ಟ್ ಅಮ್ಮನ ಬಳಿ ಇತ್ತು. ಮುಂಬೈಯಿಂದ ಹೊರಟರೆ ಎರಡು ಕಡೆ ವಿಮಾನ ಬದಲಿಸಬೇಕಿತ್ತು. ಆಫೀಸಿನಲ್ಲಿದ್ದ ಬಣ್ಣದ ಪುಸ್ತಿಕೆಯೊಂದನ್ನು ತಂದು ಅಮ್ಮನಿಗೆ ಕೊಟ್ಟೆ. ಕಪ್ಪು ತೀರ, ಬಿಳಿ ಮನೆಗಳು, ಮೋಡದ ಮೇಲೆ ತಲೆ ಎತ್ತಿದ ಗುಡ್ಡ. ಅವಳು ಅದನ್ನು ಅಕ್ಕಿಡಬ್ಬದ ಮೇಲಿಟ್ಟುಕೊಂಡು ದಿನಾ ನೋಡುತ್ತಿದ್ದಳು. ಬಿಡುವಾದಾಗ ಹಪ್ಪಳ ಒತ್ತಿದಳು, ಮಾವಿನ ಮಿಡಿ ಉಪ್ಪಿಗೆ ಹಾಕಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಆ ಎರಡು ತಿಂಗಳು ಅಮ್ಮ ಇದ್ದಷ್ಟು ಗೆಲುವಾಗಿ ಅದಕ್ಕೆ ಮೊದಲು ಐದು ವರ್ಷ ಇರಲಿಲ್ಲ.

"ಗುಡ್ಡಕ್ಕೆ ಹೋಗುವಾಗ ಕೋಟು ಬೇಕಂತೆ," ಎಂದು ಒಂದು ದಿನ ಗೋಡೆಗೆ ಹೇಳಿದ ಹಾಗೆ ಹೇಳಿದಳು. ಅಪ್ಪ ಟೇಪ್ ತಂದು ಅವಳ ಅಳತೆ ತೆಗೆದುಕೊಂಡರು. ಭುಜವನ್ನು ಎರಡೆರಡು ಸಲ ಅಳೆದರು. ತಾನು ಬರುವುದಿಲ್ಲ ಎಂದು ಮೊದಲೇ ಹೇಳಿದ್ದರು.

ಅಣ್ಣನನ್ನು ಎಲ್ಲಿ ಇಟ್ಟಿದ್ದಾರೆಂದು ಗೊತ್ತಿರಬೇಕಲ್ಲ ಎಂದು ಏಜೆಂಟ್ ಕಳಿಸಿದ್ದ ಹಳೆಯ ಕಾಗದದಿಂದ ಸ್ಮಶಾನದ ವಿಳಾಸ, ಸಂಖ್ಯೆ ಹುಡುಕಿ ಆ ಊರಿನ ಕಚೇರಿಗೆ ಇಮೇಲ್ ಮಾಡಿದೆ. ಮಾರ್ಚ್ ಮಧ್ಯದಲ್ಲಿ ಮುರುಕು ಇಂಗ್ಲಿಷಿನಲ್ಲಿ ಉತ್ತರ ಬಂತು. ಅಲ್ಲಿ ಸತ್ತವರನ್ನು ಗೋಡೆಯ ಗೂಡುಗಳಲ್ಲಿ ಇಡುತ್ತಾರಂತೆ. ಒಂದು ಗೂಡು ಐದು ವರ್ಷಕ್ಕೆ. ಅವರು ಬರೆದಿದ್ದರು: ಅವಧಿ ಮುಗಿದಾಗ ಮುಂದುವರಿಸಬೇಕೇ ಎಂದು ಮನೆಯವರಿಗೆ ಕಾಗದ ಹಾಕಿದ್ದೆವು, ಉತ್ತರ ಬರಲಿಲ್ಲ. ಹಾಗಾಗಿ ಎಲುಬುಗಳನ್ನು ತೆಗೆದು, ವಾರಸುದಾರರಿಲ್ಲದ ಇತರರೊಂದಿಗೆ ಒಂದೇ ಕೋಣೆಗೆ ಸೇರಿಸಲಾಗಿದೆ. ಇನ್ನು ಬೇರೆ ಮಾಡಲಾಗದು. ವಿಷಾದಿಸುತ್ತೇವೆ.

ನಾನು ಕಂಪ್ಯೂಟರ್ ಮುಚ್ಚಿ ಹೊರಗೆ ಬಂದೆ. ಕಾಲೇಜಿನ ಮಕ್ಕಳು ಗುಂಪುಗುಂಪಾಗಿ ನಗುತ್ತಾ ಹೋಗುತ್ತಿದ್ದರು. ಅಣ್ಣನಿಗೆ ಮೈಗೆ ಇನ್ನೊಬ್ಬರು ತಾಗಿದರೆ ನಿದ್ದೆ ಬರುತ್ತಿರಲಿಲ್ಲ ಎಂಬುದೊಂದೇ ನೆನಪಾಗುತ್ತಿತ್ತು.

ಮನೆಗೆ ಹೋಗದೆ ನೇರ ಅಪ್ಪನ ಅಂಗಡಿಗೆ ಹೋದೆ. "ಅಪ್ಪ, ಹೊರದೇಶದಿಂದ ಒಂದು ಕಾಗದ ಬಂದಿತ್ತಾ?" ಎಂದು ಕೇಳಿದೆ. ಅವರು ಎಂತ ಕಾಗದ ಎಂದು ಕೇಳಲಿಲ್ಲ. ಗುಂಡಿಗಳ ಡ್ರಾಯರ್ ಎಳೆದು, ಅಡಿಯಿಂದ ಉದ್ದದ ಲಕೋಟೆಯೊಂದನ್ನು ತೆಗೆದು ಕೊಟ್ಟರು. ಒಡೆದೇ ಇರಲಿಲ್ಲ.

"ಯಾಕಪ್ಪ ಒಡೆಯಲಿಲ್ಲ?"

"ಅವನು ಸತ್ತಿದ್ದಾನೆ ಎಂದು ಇನ್ನೊಮ್ಮೆ ಬರೆದಿರಬಹುದು ಎಂದುಕೊಂಡೆ ಮಗಳೇ," ಎಂದರು.

ಅವರ ಮುಂದೆ ಮಷೀನಿನ ಮೇಲೆ ಅಮ್ಮನ ಕೋಟು ಇತ್ತು. ಕಂದು ಬಣ್ಣದ ಉಣ್ಣೆಬಟ್ಟೆ. ಒಂದು ತೋಳು ಕೂಡಿಸಿ ಆಗಿತ್ತು. ನಾನು ಇಮೇಲಿನಲ್ಲಿದ್ದದ್ದನ್ನು ಹೇಳಿದೆ. ಅಪ್ಪ ಡ್ರಾಯರ್ ಮುಚ್ಚಿ, "ಅಮ್ಮನಿಗೆ ಈಗ ಹೇಳುವುದು ಬೇಡ," ಎಂದರು. ಆಮೇಲೆ ಇನ್ನೊಂದು ತೋಳನ್ನು ತೆಗೆದುಕೊಂಡು ಹೊಲಿಯತೊಡಗಿದರು.

ಹಾಗೆ ನಾವಿಬ್ಬರೂ ಆ ಮನೆಯಲ್ಲಿ ಒಂದು ತಿಂಗಳು ನಟಿಸಿದೆವು. ಅಮ್ಮ ಊಟಕ್ಕೆ ಬಡಿಸುತ್ತಾ "ಅಲ್ಲಿ ಸ್ಮಶಾನಕ್ಕೆ ಹೂ ತೆಗೆದುಕೊಂಡು ಹೋಗಬಹುದಾ?" ಎಂದು ಕೇಳಿದಾಗ, "ಬಾಗಿಲಲ್ಲೇ ಸಿಗುತ್ತದಂತೆ," ಎಂದೆ. ಅವಳು ಸ್ಮಶಾನ ಎಂಬ ಮಾತನ್ನು ತಾನಾಗಿ ಆಡಿದ್ದು ಅದೇ ಮೊದಲು. ನಂಬದೇ ಇದ್ದವಳು ನಂಬಲು ತಯಾರಾಗುತ್ತಿದ್ದಾಳೆ, ನೋಡಲು ಅಲ್ಲಿ ಏನೂ ಇಲ್ಲ. ಸಂಜೆ ಬಾವಿಕಟ್ಟೆಯ ಹತ್ತಿರ ಹೋಗಲು ನನಗೇ ಹೆದರಿಕೆಯಾಗತೊಡಗಿತು. ಅಣ್ಣ ಬಂದು ನಿಂತರೆ ಎಂಬ ಹೆದರಿಕೆಯಲ್ಲ. ಬಂದರೆ ಅವನೊಬ್ಬನೇ ಬರುವುದಿಲ್ಲ ಎನಿಸುತ್ತಿತ್ತು.

ಏಪ್ರಿಲಿನಲ್ಲಿ ನಾನು ಹೇಡಿಯ ಉಪಾಯವೊಂದನ್ನು ಹೂಡಿದೆ. ಮಲ್ಪೆಯ ಎದುರಿನ ದ್ವೀಪದ ಬಂಡೆಗಳೂ ಒಂದು ಕಾಲದಲ್ಲಿ ಬೆಂಕಿಗುಡ್ಡದಿಂದ ಹರಿದು ಗಟ್ಟಿಯಾದವೇ. "ಮೊದಲು ನಮ್ಮದನ್ನೇ ನೋಡಿ ಬರುವ," ಎಂದು ಒಂದು ಭಾನುವಾರ ಅಮ್ಮನನ್ನು ದೋಣಿ ಹತ್ತಿಸಿದೆ. ಅದನ್ನು ನೋಡಿದರೆ ಆಸೆ ಸ್ವಲ್ಪ ತಣಿದೀತು ಎಂದು ಲೆಕ್ಕ ಹಾಕಿದ್ದೆ. ಅಮ್ಮ ಸೆರಗು ಸಿಕ್ಕಿಸಿ, ಕಂಬ ಕಡಿದು ಜೋಡಿಸಿದಂತಿದ್ದ ಕರಿಬಂಡೆಗಳ ಮೇಲೆ ಹುಷಾರಾಗಿ ನಡೆದು, ಒಂದರ ಮೇಲೆ ಕುಳಿತಳು. ಅಂಗೈಯಿಂದ ಕಲ್ಲನ್ನು ಮುಟ್ಟಿ ನೋಡಿದಳು.

"ಬಿಸಿ ಉಂಟು," ಎಂದಳು.

"ಬಿಸಿಲಿಗೆ, ಅಮ್ಮ."

"ನಿನಗೆ ಎಂತದೋ ಗೊತ್ತಿದೆ. ಅಪ್ಪನಿಗೂ ಗೊತ್ತಿದೆ. ಕೋಟಿನ ಗುಂಡಿ ಮೂರು ಸಲ ಬಿಚ್ಚಿ ಮತ್ತೆ ಹೊಲಿದರು ಅವರು. ಹೇಳು."

ಹೇಳಿದೆ. ಲಕೋಟೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಮಕ್ಕಳು ಕಪ್ಪೆಚಿಪ್ಪು ಹೆಕ್ಕುತ್ತಿದ್ದರು, ಯಾರೋ ಫೋಟೋ ತೆಗೆಯುತ್ತಿದ್ದರು. ಅಮ್ಮ ಅಳಲಿಲ್ಲ.

"ಎಷ್ಟು ದಿನ ಆಯಿತು ನಿನಗೆ ಗೊತ್ತಾಗಿ?"

"ಒಂದು ತಿಂಗಳು."

"ನನ್ನ ಹತ್ತಿರ ಹಪ್ಪಳ ಒತ್ತಿಸಿದೆಯಲ್ಲ ಮಾರಾಯ್ತಿ."

ಬಂಡೆಯ ಮೇಲೆ ಕೈಯಾಡಿಸುತ್ತಾ ಅವಳು ಕೇಳಿದಳು: "ಆ ಕೋಣೆಯಲ್ಲಿ ಇರುವವರೆಲ್ಲ ಎಲ್ಲಿಯವರಂತೆ?"

"ಗೊತ್ತಿಲ್ಲ. ಯಾರೂ ಕೇಳದೆ ಉಳಿದವರು."

"ಹಾಗಾದರೆ ಅವನು ಯಾರೂ ಇಲ್ಲದವನ ಹಾಗೆ ಆದ," ಎಂದಳು. ದೋಣಿಯವನು ಕರೆಯುತ್ತಿದ್ದ. ಏಳುವಾಗ ನನ್ನ ಭುಜ ಹಿಡಿದು, "ಕಾರ್ಕಳದವರಿಗೆ ಫೋನ್ ಮಾಡು. ಅವರ ಹುಡುಗಿಗೆ ಬೇರೆ ಕಡೆ ಆಗಿಲ್ಲವಾದರೆ ನಾವು ಒಪ್ಪಿದ್ದೇವೆ ಎಂದು ಹೇಳು," ಎಂದಳು.

ಆ ರಾತ್ರಿ ಅಮ್ಮ ಅಪ್ಪನನ್ನು ಬೈಯಲಿಲ್ಲ. ಎಲೆ ಹಾಕಿ ಬಡಿಸಿ, "ಮದುವೆಗೆ ಅವನಿಗೊಂದು ಅಂಗಿ ಹೊಲಿಯಬೇಕು," ಎಂದಳು. ಅಪ್ಪ ಎಲೆಯ ಮುಂದೆ ಕುಳಿತಲ್ಲೇ ಅತ್ತರು. ಐದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಬೇರೆ ಮದುವೆಗಳು ನಡೆಯದ ಆಟಿ ತಿಂಗಳ ಮಳೆಯಲ್ಲಿ ಕಾರ್ಕಳದ ಅವರ ಮನೆಯಲ್ಲಿ ಮದುವೆಯಾಯಿತು. ಎರಡು ಮಣೆ. ಒಂದರ ಮೇಲೆ ಹುಡುಗಿಯ ಕೆಂಪು ಸೀರೆ, ಬಳೆ, ಕರಿಮಣಿ. ಇನ್ನೊಂದರ ಮೇಲೆ ಅಪ್ಪ ಹೊಲಿದ ಬಿಳಿ ಅಂಗಿ, ಪಂಚೆ. ಹಿರಿಯರೊಬ್ಬರು ಹೂಮಾಲೆ ಬದಲಿಸಿದರು. ಸೀರೆ ಹತ್ತು ವರ್ಷದ ಮಗುವಿನದಲ್ಲ, ತುಂಬು ಪ್ರಾಯದವಳದು. ಅವರು ಅವಳನ್ನು ಅಷ್ಟೂ ವರ್ಷ ಬೆಳೆಸಿದ್ದರು. ಅವಳ ತಾಯಿ ಅಮ್ಮನ ಕೈ ಹಿಡಿದು, "ಅವಳಿಗೆ ಕತ್ತಲೆ ಎಂದರೆ ಹೆದರಿಕೆ ಅಕ್ಕ," ಎಂದರು. "ನಾನಿದ್ದೇನಲ್ಲ," ಎಂದಳು ಅಮ್ಮ. ಬಸ್ಸಿನಲ್ಲಿ ಆ ಬಟ್ಟೆಯ ಗಂಟನ್ನು ಮೇಲಿಡಲು ಬಿಡದೆ ಕಾಪುವಿನವರೆಗೆ ಮಡಿಲಲ್ಲೇ ಇಟ್ಟುಕೊಂಡಳು.

ಮರುವರ್ಷ ಕಾರ್ಕಳದ ಆ ಹುಡುಗಿಯ ತಂಗಿಗೆ ಒಳ್ಳೆಯ ಕಡೆ ಮದುವೆಯಾಯಿತು. ನಾವು ಬೀಗರಾಗಿ ಹೋಗಿ ಉಂಡು ಬಂದೆವು. ಆ ದ್ವೀಪಕ್ಕೆ ಹೋಗುವ ಮಾತು ನಮ್ಮಲ್ಲಿ ಮತ್ತೆ ಬರಲಿಲ್ಲ.

ನಾನು ಅದೇ ಏಜೆನ್ಸಿಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ಕೊನೆಯ ವರ್ಷ ಹೊಸದಾಗಿ ಮದುವೆಯಾದ ವೈದ್ಯ ದಂಪತಿ ಬಂದು, ಬೇಸಿಗೆ ರಜೆಗೆ ಎಲ್ಲೂ ಇಲ್ಲದಂಥ ಜಾಗ ಬೇಕು ಎಂದು ಅದೇ ದ್ವೀಪದ ಚಿತ್ರವನ್ನು ಮುಂದಿಟ್ಟರು. ಕಪ್ಪು ಹೊಯ್ಗೆ, ಬಾಳೆತೋಟ, ಗುಡ್ಡದ ಮೇಲಿನ ಚಳಿ, ಎಲ್ಲವನ್ನೂ ನೋಡಿದವಳ ಹಾಗೆ ವಿವರಿಸಿದೆ.

"ನೀವು ಹೋಗಿದ್ದೀರಾ ಮೇಡಂ?" ಎಂದು ಆ ಹುಡುಗಿ ಕೇಳಿದಳು.

"ಇಲ್ಲ," ಎಂದೆ. "ನನ್ನ ಅಣ್ಣ, ಅತ್ತಿಗೆ ಅಲ್ಲಿದ್ದಾರೆ."